ಕೂಡಲೂರು: ಹರಿಹರದ ಕಲ್ಲು, ಕಬ್ಬಿಣ ಮತ್ತು ಒಡೆದ ಅಣೆಯ ಶಾಸನ

ಹರಿಹರದ ಹೆಸರಿರುವ ಬರಹವನ್ನು ನಾನು ಮೊದಲ ಸಲ ಓದಿದ್ದು ಕಲ್ಲಿನ ಮೇಲಲ್ಲ, ಬೀಡುಕಬ್ಬಿಣದ ಯಂತ್ರದ ಮೇಲೆ. ಡಿಪ್ಲೊಮಾ ಮೊದಲ ವರ್ಷ, ವರ್ಕ್‌ಶಾಪ್ ಪ್ರಾಕ್ಟಿಕಲ್. ಲೇತ್ ಯಂತ್ರದ ಮೇಲೆ ಒಂದು ಪಟ್ಟಿ, ಅದರಲ್ಲಿ ಮೈಸೂರು ಕಿರ್ಲೋಸ್ಕರ್ ಅಂತ ಕಂಪನಿಯ ಹೆಸರು, ಕೆಳಗೆ ಊರಿನ ಹೆಸರು: ಹರಿಹರ. ಎಣ್ಣೆ ಜಿಡ್ಡು ಹತ್ತಿದ ಆ ಅಕ್ಷರಗಳನ್ನು ವೇಸ್ಟ್ ಬಟ್ಟೆಯಿಂದ ಒರೆಸಿ ಓದಿದ್ದು ನೆನಪಿದೆ. ಆಮೇಲೆ ಹತ್ತು ಹದಿನೈದು ವರ್ಷ ಕಳೆದು ಶಾಸನದ ಹುಚ್ಚು ಹತ್ತಿದಾಗ, ಕಲ್ಲಿನ ಅಕ್ಷರಗಳನ್ನೂ ಹಾಗೇ ಬಟ್ಟೆಯಿಂದ ಧೂಳು ಒರೆಸಿ ಓದೋಕೆ ಶುರು ಮಾಡಿದೆ. ಕೈಗೆ ಅಭ್ಯಾಸ ಆಗಲೇ ಆಗಿತ್ತು.

ನಾನು ಶಾಸನಶಾಸ್ತ್ರವನ್ನು ಕಾಲೇಜಿನಲ್ಲಿ ಓದಿದವನಲ್ಲ. ರಜೆ ದಿನ ಊರೂರು ತಿರುಗಿ, ಹಳೇ ಸಂಪುಟಗಳನ್ನು ಇಟ್ಟುಕೊಂಡು, ತಪ್ಪು ಓದಿ, ತಿದ್ದಿಸಿಕೊಂಡು ಕಲಿತವನು. ಹಾಗಾಗಿ ಇಲ್ಲಿ ಬರೆಯುತ್ತಿರುವುದು ಒಬ್ಬ ಇಂಜಿನಿಯರ್ ಕಣ್ಣಿಗೆ ಕಂಡ ಹರಿಹರ ಅಂತ ಓದಿಕೊಳ್ಳಿ.

ಕೂಡುವ ಊರು

ಹರಿಹರ ಈಗ ದಾವಣಗೆರೆ ಜಿಲ್ಲೆಯಲ್ಲಿದೆ, ದಾವಣಗೆರೆಯಿಂದ ಸುಮಾರು 14 ಕಿಲೋಮೀಟರ್. 1997ಕ್ಕೆ ಮುಂಚೆ ಚಿತ್ರದುರ್ಗ ಜಿಲ್ಲೆ. ಹೊಸದಾಗಿ ಶಾಸನ ಹುಡುಕುವವರಿಗೆ ಒಂದು ಸೂಚನೆ: ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 11ನೇ ಸಂಪುಟ ತೆಗೆದು 'ಹರಿಹರ ತಾಲ್ಲೂಕು' ಅಂತ ಹುಡುಕಿದರೆ ಸಿಗಲ್ಲ. ಹರಿಹರದ ಶಾಸನಗಳು ದಾವಣಗೆರೆ ತಾಲ್ಲೂಕಿನ ಅಡಿಯಲ್ಲಿ ಅಚ್ಚಾಗಿವೆ. ನಾನು ಒಂದು ಭಾನುವಾರ ಪೂರ್ತಿ ಹೀಗೇ ಕಳೆದಿದ್ದೇನೆ.

ಊರು ತುಂಗಭದ್ರೆಯ ಬಲದಂಡೆಯಲ್ಲಿದೆ. ಸೂಳೆಕೆರೆಯ ಕಡೆಯಿಂದ ಹರಿದು ಬರುವ ಹರಿದ್ರಾ ನದಿ ಇಲ್ಲಿ ತುಂಗಭದ್ರೆಗೆ ಸೇರುತ್ತೆ. ಹಳೇ ಶಾಸನಗಳಲ್ಲಿ ಊರಿನ ಹೆಸರು ಕೂಡಲೂರು. ಎರಡು ಹೊಳೆ ಕೂಡುವ ಜಾಗ ಕೂಡಲು, ಅಲ್ಲಿನ ಊರು ಕೂಡಲೂರು. ಉಚ್ಚಂಗಿಯಿಂದ ಆಳ್ವಿಕೆ ನಡೆಯುತ್ತಿದ್ದ ನಾಡಿನಲ್ಲಿ ಇದು 104 ಬ್ರಾಹ್ಮಣರ ಅಗ್ರಹಾರವಾಗಿತ್ತು. ಅದಕ್ಕೂ ಹಿಂದಕ್ಕೆ ಹೋದರೆ, ಹರಿಹರದಲ್ಲಿ ಸಿಕ್ಕ ಬಾದಾಮಿ ಚಾಲುಕ್ಯ ವಿನಯಾದಿತ್ಯನ ತಾಮ್ರಪಟ ಇದೆ. ಅದರ ಕಾಲ ಶಕ 616. ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. 694. ಆಳುಪ ಅರಸನ ಕೋರಿಕೆಯ ಮೇಲೆ ಕೊಟ್ಟ ದಾನ ಅದು.

ಹೊಳೆ ಕೂಡುವ ಊರಿನಲ್ಲಿ ದೇವರೂ ಕೂಡಿಕೊಂಡೇ ಇದ್ದಾನೆ. ಗುಡಿಯ ಮೂರ್ತಿಯ ಬಲ ಅರ್ಧ ಹರ, ಎಡ ಅರ್ಧ ಹರಿ. ಸ್ಥಳಪುರಾಣ ಎಲ್ಲರಿಗೂ ಗೊತ್ತಿರುವುದೇ. ಗುಹಾಸುರನಿಗೆ ಬ್ರಹ್ಮನ ವರ ಇತ್ತು, ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಇಬ್ಬರೂ ಒಂದಾಗಿ ಬಂದಾಗ ಅವನ ವರ ಕೆಲಸಕ್ಕೆ ಬರಲಿಲ್ಲ. ಈ ಕಥೆಯಲ್ಲಿ ಊರಿನ ಗುಣವೇ ಇದೆ ಅಂತ ನನಗೆ ಅನ್ನಿಸುತ್ತೆ. ಇಲ್ಲಿ ಒಬ್ಬರಿಂದಲೇ ಆಗುವ ಕೆಲಸ ಕಡಿಮೆ.

ಕಡೆದ ಕಂಬ

ಹರಿಹರೇಶ್ವರ ಗುಡಿಯನ್ನು ಕಟ್ಟಿಸಿದವನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ, ಕ್ರಿ.ಶ. 1224ರ ಹೊತ್ತಿಗೆ. 1268ರಲ್ಲಿ ಸೋಮ ದಂಡನಾಯಕ ಐದು ನೆಲೆಯ ಮಹಾದ್ವಾರ ಮಾಡಿಸಿದ. ಸೋಮನಾಥಪುರದ ಗುಡಿ ಕಟ್ಟಿಸಿದ ಸೋಮನೇ ಅವನು. ಹೊಯ್ಸಳ ಗುಡಿ ಅಂದ ತಕ್ಷಣ ಬೇಲೂರು ಹಳೇಬೀಡಿನ ಕೆತ್ತನೆ ನಿರೀಕ್ಷಿಸಿ ಹೋದವರಿಗೆ ಇಲ್ಲಿ ಸ್ವಲ್ಪ ನಿರಾಸೆ ಆಗಬಹುದು. ಗೋಡೆ ತುಂಬ ಶಿಲ್ಪ ಇಲ್ಲ. ಇಲ್ಲಿ ನೋಡಬೇಕಾದದ್ದು ತೆರೆದ ಮಂಟಪ. ಸುತ್ತ ಕಟ್ಟೆ, ಅದರ ಮೇಲೆ ಗಿಡ್ಡ ಕಂಬಗಳು, ಒಳಗೆ ಎತ್ತರದ ಕಂಬಗಳು. ದುಂಡಗೆ, ನುಣುಪಾಗಿ, ಉಂಗುರದ ಮೇಲೆ ಉಂಗುರ ಇಟ್ಟ ಹಾಗೆ.

ಇಂಥ ಕಂಬಗಳನ್ನು ಪುಸ್ತಕಗಳಲ್ಲಿ 'ಲೇತ್‌ನಲ್ಲಿ ತಿರುಗಿಸಿದ ಕಂಬ' ಅಂತ ಬರೆಯುತ್ತಾರೆ. ಲೇತ್ ತಯಾರಾಗುತ್ತಿದ್ದ ಊರಿನಲ್ಲೇ ಸುಮಾರು ಎಂಟು ನೂರು ವರ್ಷ ಹಿಂದಿನ ಲೇತ್ ಕಂಬ! ನನಗೆ ಇದಕ್ಕಿಂತ ಒಳ್ಳೇ ಕಥೆ ಬೇಕಿರಲಿಲ್ಲ. ಪರಿಚಯದವರನ್ನು ಗುಡಿಗೆ ಕರೆದುಕೊಂಡು ಹೋದಾಗಲೆಲ್ಲ ಇದನ್ನೇ ಹೇಳುತ್ತಿದ್ದೆ, ಭಾರಿ ಹುರುಪಿನಿಂದ.

ನನ್ನ ಸೋದರಮಾವ ಹರಿಹರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಜೀವಮಾನ ಇಡೀ ಲೇತ್ ಮುಂದೆ ನಿಂತವರು. ಒಂದು ದಿನ ಅವರನ್ನೂ ಮಂಟಪಕ್ಕೆ ಕರೆದುಕೊಂಡು ಹೋಗಿ ಅದೇ ಭಾಷಣ ಶುರು ಮಾಡಿದೆ. ಮಾವ ಕಂಬದ ಸುತ್ತ ಎರಡು ಸುತ್ತು ಬಂದರು, ಬಗ್ಗಿ ಬುಡ ನೋಡಿದರು, ಕತ್ತೆತ್ತಿ ತಲೆ ನೋಡಿದರು.

"ಇದರ ಎರಡು ತುದಿ ತೋರಸಪ್ಪಾ ನಂಗೆ."

"ತುದಿ ಹೇಗೆ ತೋರಿಸಲಿ ಮಾವ? ಕೆಳಗೆ ಪೀಠದೊಳಗೆ ಐತಿ, ಮ್ಯಾಲೆ ಬೋದಿಗೆ ಕುಂತೈತಿ."

"ಮತ್ತೆ? ಜಾಬ್ ತಿರುಗಿಸಿದ್ರೆ ತುದಿಗೆ ಸೆಂಟರ್ ಗುರುತು ಇರಬೇಕು. ಅದನ್ನ ನೋಡದೇ ಲೇತು ಲೇತು ಅಂತೀಯಲ್ಲ. ಉಂಗುರ ಗುಂಡಗೈತಿ, ಅದು ಸರಿ. ಗುಂಡಗಿರೋದೆಲ್ಲ ಲೇತ್‌ನಾಗೆ ಬಂದಿದ್ದಲ್ಲ."

ನನಗೆ ಮುಖ ಕೆಂಪಾಯಿತು. ಇಷ್ಟು ವರ್ಷ ಲೇತ್ ಪಾಠ ಓದಿ ಪರೀಕ್ಷೆ ಬರೆದವನು ನಾನು. ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ.

ಮನೆಗೆ ಬಂದು ಲೆಕ್ಕ ಹಾಕಿದೆ. ಎರಡಡಿ ವ್ಯಾಸ, ಆರಡಿ ಉದ್ದದ ಒಂದು ಕಲ್ಲಿನ ಕಂಬ ಅಂದುಕೊಳ್ಳಿ. ಬಳಪದ ಕಲ್ಲಿನ ಸಾಂದ್ರತೆ ನೀರಿನ 2.8 ಪಟ್ಟು ಅಂತ ಹಿಡಿದರೆ ತೂಕ ಸುಮಾರು ಒಂದೂವರೆ ಟನ್. ಇದನ್ನು ನಮ್ಮ ಲೇತ್ ತರಹ ಅಡ್ಡಲಾಗಿ ಎರಡು ಸೆಂಟರ್ ನಡುವೆ ಹಿಡಿದು ತಿರುಗಿಸುವುದು ಬಹಳ ಕಷ್ಟ. ನೆಟ್ಟಗೆ ನಿಲ್ಲಿಸಿ, ಇಡೀ ಭಾರ ಬುಡದ ಮೇಲೆ ಬಿಟ್ಟು, ಹಗ್ಗ ಕಟ್ಟಿ ಎಳೆದು ತಿರುಗಿಸುವುದಾದರೆ ಸಾಧ್ಯ. ಬಳಪದ ಕಲ್ಲು ಗಣಿಯಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತೆ, ಗಾಳಿ ಬಿಸಿಲಿಗೆ ಬರುಬರುತ್ತಾ ಗಟ್ಟಿಯಾಗುತ್ತೆ. ಹಾಗಾಗಿ ಉಳಿ ಹಿಡಿದು ಉಂಗುರ ಎಬ್ಬಿಸೋಕೆ ಹೊತ್ತು ಸಿಗುತ್ತೆ. ಉಳಿಯಿಂದ ಒರಟಾಗಿ ಕೆತ್ತಿ, ಕೊನೆಯ ನುಣುಪಿಗೆ ಮಾತ್ರ ತಿರುಗಿಸಿರಬಹುದು. ಅಚ್ಚು ಪಟ್ಟಿ ಹಿಡಿದು ಸುತ್ತಲೂ ಉಜ್ಜಿ ದುಂಡು ಮಾಡಿರಲೂಬಹುದು.

ಕನ್ನಡದಲ್ಲಿ ಇದಕ್ಕೊಂದು ಪದ ಮೊದಲಿನಿಂದಲೂ ಇದೆ: ಕಡೆ. ಮೊಸರು ಕಡೆಯುವುದು, ಬೊಂಬೆ ಕಡೆಯುವುದು, ಕಂಬ ಕಡೆಯುವುದು. ಕಡಗೋಲಿಗೆ ಹಗ್ಗ ಸುತ್ತಿ ಆ ಕಡೆ ಈ ಕಡೆ ಎಳೆದರೆ ಅದು ಒಮ್ಮೆ ಹೀಗೆ, ಒಮ್ಮೆ ಹಾಗೆ ತಿರುಗುತ್ತೆ. ಕೈಯಿಂದ ನಡೆಸುವ ಹಳೇ ಕಾಲದ ಲೇತ್‌ನ ತತ್ವ ಅಷ್ಟೇ. ನಮ್ಮ ಅಜ್ಜಿಯ ಮಜ್ಜಿಗೆ ಕಂಬವೂ ಹೊಯ್ಸಳರ ಗುಡಿ ಕಂಬವೂ ಕಾರ್ಖಾನೆಯ ಲೇತೂ ಈ ಒಂದೇ ಕ್ರಿಯಾಪದದೊಳಗೆ ಕೂರುತ್ತವೆ. ಅಂದಿನಿಂದ ನಾನು 'ಲೇತ್ ಕಂಬ' ಅನ್ನೋದು ಬಿಟ್ಟು 'ಕಡೆದ ಕಂಬ' ಅಂತ ಹೇಳ್ತೀನಿ. ಮಾವ ಇದಕ್ಕೆ ಒಪ್ಪಿದರು.

ಅಣೆ ಒಡೆದಾಗ

ಗುಡಿಗೆ ಹೋದವರು ಕಂಬ ನೋಡಿ, ಫೋಟೋ ತೆಗೆದು ಹೊರಡುತ್ತಾರೆ. ನಾನು ಹೇಳುವುದು, ಹರಿಹರದ ಸ್ವಭಾವ ಗೊತ್ತಾಗಬೇಕಾದರೆ ಎರಡು ವಿಜಯನಗರ ಕಾಲದ ಶಾಸನಗಳನ್ನು ಓದಿ. ಒಂದು 1410ರದ್ದು, ಇನ್ನೊಂದು 1424ರದ್ದು. ಎರಡೂ ಹರಿದ್ರಾ ನದಿಯ ಅಣೆಗೆ ಸಂಬಂಧಿಸಿದವು.

1410ರಲ್ಲಿ, ಒಂದನೇ ದೇವರಾಯನ ಕಾಲದಲ್ಲಿ, ಹರಿದ್ರೆಗೆ ಅಣೆ ಕಟ್ಟಿ ಹರಿಹರಕ್ಕೆ ಕಾಲುವೆ ತರುವ ಕೆಲಸ ಆಯಿತು. ಭೂಮಿ ದೇವರದ್ದು, ಖರ್ಚು ಮಾಡಿ ಕಾಲುವೆ ತೋಡಿಸಿದವರು ಬ್ರಾಹ್ಮಣರು. ಹಾಗಾದರೆ ನೀರು ಹರಿದ ಭೂಮಿಯ ಫಲ ಯಾರಿಗೆ? ಶಾಸನ ಲೆಕ್ಕ ಹೇಳುತ್ತೆ: ಎರಡು ಪಾಲು ದೇವರಿಗೆ, ಒಂದು ಪಾಲು ಕಾಲುವೆ ಮಾಡಿಸಿದ ಬ್ರಾಹ್ಮಣರಿಗೆ. ಇವತ್ತಿನ ಭಾಷೆಯಲ್ಲಿ ಇದು ಪಾಲುದಾರಿಕೆ ಪತ್ರ. ಯಾರ ಬಂಡವಾಳ ಏನು, ಲಾಭದಲ್ಲಿ ಯಾರಿಗೆಷ್ಟು, ಎಲ್ಲ ಊರಿನ ಎದುರಿಗೆ, ಕಲ್ಲಿನ ಮೇಲೆ.

ಎರಡನೇ ಶಾಸನ 1424ರದ್ದು. ನಡುವೆ ಬರೀ ಹದಿನಾಲ್ಕು ವರ್ಷ. ಅಷ್ಟರಲ್ಲಿ ಅಣೆ ಒಡೆದುಹೋಗಿತ್ತು. ದೇವರಾಯನ ಸೇನಾಪತಿ ಚಾಮನೃಪ ಅದನ್ನು ಮತ್ತೆ ಸರಿಮಾಡಿಸಿದ.

ಇಂಜಿನಿಯರ್ ಆಗಿ ಹೇಳುತ್ತೇನೆ, ಕಟ್ಟಿದ್ದನ್ನು ಬರೆಸುವುದು ಸುಲಭ. ಕಟ್ಟಿದವನ ಹೆಸರು, ಬಿರುದು, ವಂಶ, ಕೊನೆಗೆ ಶಾಪಾಶಯ. ನಮ್ಮ ಕಾಲದಲ್ಲೂ ಉದ್ಘಾಟನೆಯ ಕಲ್ಲು ಎಲ್ಲ ಕಡೆ ಇದೆ. ಮುರಿದದ್ದನ್ನು ಬರೆಸುವವರು ಎಷ್ಟು ಮಂದಿ? ನಾನು ಕೆಲಸ ಮಾಡಿದ ಕಡೆಗಳಲ್ಲಿ ಯಂತ್ರ ಕೆಟ್ಟರೆ ವರದಿ ಬರೆಯುವಾಗ ಎಲ್ಲರ ಪೆನ್ನೂ ನಿಧಾನ ಆಗುತ್ತಿತ್ತು. ಆದರೆ ಇಲ್ಲಿ, ಆರು ನೂರು ವರ್ಷ ಹಿಂದೆ, ಅಣೆ ಒಡೆದದ್ದೂ ಅದನ್ನು ಯಾರು ರಿಪೇರಿ ಮಾಡಿಸಿದರು ಅನ್ನೋದೂ ದಾಖಲಾಗಿದೆ. 1424ರ ಶಾಸನವೇ ಇಲ್ಲದಿದ್ದರೆ 1410ರ ಅಣೆ ಸುಖವಾಗಿ ಶಾಶ್ವತವಾಗಿ ನಿಂತಿತ್ತು ಅಂತ ನಾವು ಇವತ್ತು ಬರೆಯುತ್ತಿದ್ದೆವು.

ಗಡಿಯ ಊರು, ಕಾರ್ಖಾನೆಯ ಊರು

ಕೂಡುವ ಊರು ಒಂದು ಕಾಲದಲ್ಲಿ ಗಡಿಯ ಊರೂ ಆಗಿತ್ತು. 1956ರ ಏಕೀಕರಣಕ್ಕೆ ಮುಂಚೆ ಹೊಳೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ್ಯ. ಎರಡೂ ಕಡೆ ಕನ್ನಡ, ಸರ್ಕಾರ ಮಾತ್ರ ಬೇರೆ. ಈ ಎರಡು ದಡವನ್ನು ಸೇರಿಸಿದ್ದು 1868ರಲ್ಲಿ ಮುಗಿದ ಸೇತುವೆ. ಕಲ್ಲು ಇಟ್ಟಿಗೆಯ ಹದಿನಾಲ್ಕು ಕಮಾನು, ಒಂದೊಂದು ಕಮಾನು 60 ಅಡಿ ಅಗಲ. ಬೆಂಗಳೂರು ಧಾರವಾಡದ ಹೆದ್ದಾರಿ ಇದರ ಮೇಲೆ ಹಾದುಹೋಗುತ್ತಿತ್ತು. 19ನೇ ಶತಮಾನ ಮುಗಿಯುವ ಮೊದಲೇ ರೈಲೂ ಬಂತು. ನೀರು, ರಸ್ತೆ, ರೈಲು ಮೂರೂ ಒಂದೇ ಜಾಗದಲ್ಲಿ. ಕಾರ್ಖಾನೆ ಹಾಕುವವನು ನಕ್ಷೆ ಬಿಡಿಸಿದರೆ ಬೆರಳು ಇಂಥ ಊರಿನ ಮೇಲೆ ನಿಲ್ಲುವುದು ಸಹಜ.

1941ರಲ್ಲಿ ಇಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆ ಆಯಿತು. ಆಗ ಎರಡನೇ ಮಹಾಯುದ್ಧದ ಕಾಲ, ಹೊರದೇಶದ ಯಂತ್ರ ಸಿಗುವುದು ದುಸ್ತರ. ಕಿರ್ಲೋಸ್ಕರ್ ಮನೆತನಕ್ಕೆ ಹೊಳೆಯ ಎರಡೂ ಕಡೆಯ ನಂಟಿತ್ತು. ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ಹರಿಹರದ ಲೇತ್‌ಗಳು ದೇಶದ ಐಟಿಐ, ಪಾಲಿಟೆಕ್ನಿಕ್, ರೈಲ್ವೆ ವರ್ಕ್‌ಶಾಪ್‌ಗಳನ್ನು ತಲುಪಿದವು. ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಅಂದರೆ ನನ್ನ ವಯಸ್ಸಿನ ಯಾವ ಮೆಕ್ಯಾನಿಕಲ್ ಹುಡುಗನಿಗೂ ಮತ್ತೆ ವಿವರಿಸಬೇಕಿಲ್ಲ. ದೊಡ್ಡ ಕಾರ್ಖಾನೆಯ ಸುತ್ತ ಫೌಂಡ್ರಿ, ಸಣ್ಣ ಟರ್ನಿಂಗ್ ಶಾಪ್, ಪ್ಯಾಟರ್ನ್ ಮಾಡುವ ಬಡಗಿಗಳು. ಸೈರನ್ ಕೂಗಿದರೆ ಹೊತ್ತು ಗೊತ್ತಾಗುತ್ತಿತ್ತು ಅಂತ ಮಾವ ಈಗಲೂ ಹೇಳುತ್ತಾರೆ.

ಆಚೆ ದಡದ ಕುಮಾರಪಟ್ಟಣಂನಲ್ಲಿ 1972ರಲ್ಲಿ ಹರಿಹರ ಪಾಲಿಫೈಬರ್ಸ್ ಬಂತು. ನೀಲಗಿರಿ ಮರದಿಂದ ಪಲ್ಪ್, ಪಲ್ಪಿನಿಂದ ನೂಲಿನ ನಾರು. ಈ ಕೆಲಸಕ್ಕೆ ನೀರು ಬಹಳ ಬೇಕು, ಮರವೂ ಬಹಳ ಬೇಕು. 1980ರ ದಶಕದಲ್ಲಿ ನದಿಯ ನೀರು ಕೆಟ್ಟಿದೆ, ಮೀನು ಸಾಯುತ್ತಿವೆ ಅಂತ ಕೆಳಗಿನ ಊರುಗಳ ಜನ ದನಿ ಎತ್ತಿದರು. ಅದೇ ಹೊತ್ತಿಗೆ ನೀಲಗಿರಿ ಬೆಳೆಸಲು ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಅನ್ನೋ ಜಂಟಿ ಕಂಪನಿ ಹುಟ್ಟಿತು. ಪಾಲು ಸರ್ಕಾರಕ್ಕೆ 51, ಕಾರ್ಖಾನೆಗೆ 49. ಭೂಮಿ ಮಾತ್ರ ಊರವರ ದನ ಮೇಯುತ್ತಿದ್ದ, ಸೌದೆ ಸಿಗುತ್ತಿದ್ದ ಭೂಮಿ. ಊರವರಿಗೆ ಪಾಲು ಇರಲಿಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ ಜನ ಸೇರಿದರು. ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ನೆಟ್ಟರು. ಅದಕ್ಕೆ ಇಟ್ಟ ಹೆಸರು 'ಕಿತ್ತಿಕೋ ಹಚ್ಚಿಕೋ'. ಕೊನೆಗೆ ಆ ಕಂಪನಿಯನ್ನು ಮುಚ್ಚಬೇಕಾಯಿತು.

1410ರ ಶಾಸನವನ್ನು ಓದಿದವರಿಗೆ ಇದು ಹೊಸ ಜಗಳ ಅಂತ ಅನ್ನಿಸಲ್ಲ. ಭೂಮಿ ಯಾರದು, ಖರ್ಚು ಯಾರದು, ಪಾಲು ಯಾರಿಗೆಷ್ಟು? ಅಂದಿನ ಎರಡಕ್ಕೊಂದು ಲೆಕ್ಕ ಎಲ್ಲರಿಗೂ ನ್ಯಾಯವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಆ ಗದ್ದೆಯಲ್ಲಿ ದುಡಿದವರ ಪಾಲು ಆ ಲೆಕ್ಕದಲ್ಲಿ ಕಾಣಲ್ಲ. ಆದರೆ ಲೆಕ್ಕವನ್ನು ಬಚ್ಚಿಡಲಿಲ್ಲ, ಗುಡಿ ಮುಂದೆ ನಿಲ್ಲಿಸಿದರು.

ಬರೆಯದೇ ಉಳಿದ ಶಾಸನ

ಈ ಶತಮಾನದ ಆರಂಭದಲ್ಲಿ ಲೇತ್ ಕಾರ್ಖಾನೆ ಬಾಗಿಲು ಮುಚ್ಚಿತು. ಕಂಪ್ಯೂಟರ್ ನಿಯಂತ್ರಿತ ಯಂತ್ರಗಳ ಕಾಲ ಬಂದಿತ್ತು, ಆಮದು ಸಲೀಸಾಗಿತ್ತು. ಮಾವನಂಥ ಟರ್ನರ್‌ಗಳಲ್ಲಿ ಕೆಲವರು ಬೆಂಗಳೂರಿಗೆ ಹೋದರು, ಕೆಲವರು ಆಟೋ ತೆಗೆದುಕೊಂಡರು, ಕೆಲವರು ಊರಲ್ಲೇ ಸಣ್ಣ ಶೆಡ್ ಹಾಕಿಕೊಂಡರು. ಈ ಅಣೆ ಒಡೆದದ್ದಕ್ಕೆ ಮಾತ್ರ ಶಾಸನ ಇಲ್ಲ.

ಹೋದ ವರ್ಷ ಮಾವನ ಜೊತೆ ಒಂದು ಗುಜರಿ ಅಂಗಡಿಗೆ ಹೋಗಿದ್ದೆ. ಮೂಲೆಯಲ್ಲಿ ಹಳೇ ಲೇತ್ ಬೆಡ್ ಒಂದು ಮಗುಚಿ ಬಿದ್ದಿತ್ತು. ಕೆಜಿ ಲೆಕ್ಕದಲ್ಲಿ ಮಾರಾಟಕ್ಕೆ. ಹೆಸರಿನ ಪಟ್ಟಿಯನ್ನು ಯಾರೋ ಕಿತ್ತಿದ್ದರು, ನಾಲ್ಕು ರಿವೆಟ್ ತೂತು ಮಾತ್ರ ಉಳಿದಿತ್ತು. ಮಾವ ಬಗ್ಗಿ ಬೆಡ್‌ನ ಜಾರುಪಟ್ಟಿಯ ಮೇಲೆ ಬೆರಳು ಆಡಿಸಿದರು.

"ಇನ್ನೂ ಸವೆದಿಲ್ಲ ನೋಡು. ಇದನ್ನ ಕರಗಿಸ್ತಾರಂತೆ."

ಅಷ್ಟೇ ಹೇಳಿದರು. ನಾನು ಚೀಲದಿಂದ ಟೇಪ್ ತೆಗೆದು ಉದ್ದ ಅಗಲ ಅಳೆದೆ, ರಿವೆಟ್ ತೂತುಗಳ ಫೋಟೋ ತೆಗೆದೆ, ಬೀಡಿನ ಮೇಲೆ ಒತ್ತಿದ್ದ ನಂಬರ್‌ಗೆ ಸೀಮೆಸುಣ್ಣ ಉಜ್ಜಿ ಬರೆದುಕೊಂಡೆ. ಕಾಡಿನಲ್ಲಿ ಬಿದ್ದ ವೀರಗಲ್ಲು ಸಿಕ್ಕಾಗ ಮಾಡುವ ಕೆಲಸವೇ ಅದು. ಗುಜರಿಯವನು ನಮ್ಮನ್ನು ವಿಚಿತ್ರವಾಗಿ ನೋಡಿದ.

ಓದುಗರಲ್ಲಿ ಒಂದು ಕೋರಿಕೆ. ಹರಿಹರಕ್ಕೆ ಹೋದರೆ ಮಂಟಪದ ಕಂಬ ನೋಡಿ, ಶಾಸನ ನೋಡಿ, ಕಲ್ಲಿಗೆ ಬಣ್ಣ ಸುಣ್ಣ ತಾಗಿಸಬೇಡಿ. ಜೊತೆಗೆ ನಿಮ್ಮ ಊರಿನ ಐಟಿಐನಲ್ಲೋ ಹಳೇ ವರ್ಕ್‌ಶಾಪಿನಲ್ಲೋ ಹರಿಹರದ ಪಟ್ಟಿ ಹೊತ್ತ ಲೇತ್ ಇನ್ನೂ ನಿಂತಿದ್ದರೆ ಒಂದು ಫೋಟೋ ತೆಗೆಯಿರಿ. ಎಲ್ಲಿದೆ, ನಂಬರ್ ಏನು, ಯಾವ ವರ್ಷ ಬಂತು, ಯಾರು ಅದರ ಮೇಲೆ ಕೆಲಸ ಮಾಡಿದರು ಅಂತ ಬರೆದಿಡಿ. ಶಾಸನಕ್ಕೆ ನಾವು ಕೇಳುವುದೂ ಇದೇ ನಾಲ್ಕು ಪ್ರಶ್ನೆ: ಸ್ಥಳ, ಪಾಠ, ಕಾಲ, ಜನ. ಕಲ್ಲಿನ ಶಾಸನವನ್ನು ಕರಗಿಸಿ ಮಾರುವವರಿಲ್ಲ, ಅದಕ್ಕೇ ಅಷ್ಟಾದರೂ ಉಳಿದಿದೆ. ಕಬ್ಬಿಣಕ್ಕೆ ಆ ಅದೃಷ್ಟ ಇಲ್ಲ.

ಆ ಸಂಜೆ ವಾಪಸ್ ಬರುವಾಗ ಮಾವ ಹೊಳೆ ದಂಡೆಯಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಹರಿದ್ರೆ ಬಂದು ಸೇರುವ ಕಡೆ ಕೈ ತೋರಿಸಿ, "ಅಣೆ ಎಲ್ಲಿತ್ತಂತೆ?" ಅಂತ ಕೇಳಿದರು. ನಾನು 1410 ಅಂದೆ, 1424 ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಪೇರಿ ಮಾಡ್ಸಿದ್ನಲ್ಲ, ಅವನ ಹೆಸರೇನಂದೆ?" ಅಂದರು.

ಚಾಮನೃಪ ಅಂದೆ. ಮಾವ ಆ ಹೆಸರನ್ನು ಎರಡು ಸಲ ತಾವೇ ಹೇಳಿಕೊಂಡರು. ಕಟ್ಟಿಸಿದವನ ಹೆಸರು ಕೇಳಲಿಲ್ಲ.